ವಿದೇಶಕ್ಕೆ ಹೊರಟವರ ಮನೆ ನಾಯಿ ವಿಮಾನ ಹತ್ತುವುದು ಹೇಗೆ? ಮೈಕ್ರೋಚಿಪ್‌ನಿಂದ ಕ್ರೇಟ್‌ವರೆಗೆ ಇಲ್ಲಿದೆ ಪೂರ್ತಿ ಮಾಹಿತಿ

ಮುಂಬೈ: ವಿದೇಶದಲ್ಲಿ ಕೆಲಸ ಸಿಕ್ಕಿದೆ. ಆಫರ್ ಲೆಟರ್ ಕೈಗೆ ಬಂದಿದೆ. ಆರೆಂಟು ವಾರಗಳಲ್ಲಿ ವೀಸಾ ಆಗುವ ಸೂಚನೆಯೂ ಇದೆ. ಮನೆ ಖಾಲಿ ಮಾಡುವುದು, ಮಕ್ಕಳ ಟಿಸಿ, ಬ್ಯಾಂಕ್ ಕೆಲಸ ಎಂದು ದೊಡ್ಡದೊಂದು ಪಟ್ಟಿ ತಯಾರಾಗುತ್ತದೆ. ಆ ಪಟ್ಟಿಯ ಕೊನೆಯಲ್ಲಿ ‘ನಾಯಿಗೆ ಟಿಕೆಟ್’ ಎಂದು ಬರೆದುಕೊಂಡರೆ ಅಲ್ಲಿಗೆ ಎಡವಟ್ಟು ಶುರುವಾಯಿತು ಎಂದೇ ಅರ್ಥ.

ಯಾಕೆಂದರೆ ಭಾರತದಿಂದ ಜರ್ಮನಿಗೋ ಬ್ರಿಟನ್‌ಗೋ ಹೋಗುವ ನಾಯಿಗೆ ಮೊದಲಿನಿಂದ ತಯಾರಿ ಮಾಡಿದರೆ ನಾಲ್ಕು ತಿಂಗಳಿಗೂ ಹೆಚ್ಚು ಸಮಯ ಬೇಕು. ಜಪಾನ್‌ಗೆ ಏಳು ತಿಂಗಳು. ಆಸ್ಟ್ರೇಲಿಯಾಕ್ಕೆ ಇಲ್ಲಿಂದ ನೇರವಾಗಿ ಹೋಗುವಂತೆಯೇ ಇಲ್ಲ. ಮನುಷ್ಯರ ವೀಸಾ ಬೇಗ ಬರುತ್ತದೆ, ನಾಯಿಯ ಕಾಗದಪತ್ರ ತಡವಾಗುತ್ತದೆ. ಈ ಅಂತರದಲ್ಲೇ ಎಷ್ಟೋ ಮನೆ ನಾಯಿಗಳು ಹಿಂದೆ ಉಳಿದುಬಿಡುತ್ತವೆ.

ವಡಾಲ, ಮಾಟುಂಗಾ, ಸಯನ್ ಭಾಗ ಮುಂಬೈ ಕನ್ನಡಿಗರ ಹಳೆಯ ನೆಲೆ. ವಡಾಲದ ಎನ್‌ಕೆಇಎಸ್ ಶಾಲೆ ತಲೆಮಾರುಗಳಿಂದ ಇಲ್ಲಿನ ಕನ್ನಡ ಮಕ್ಕಳಿಗೆ ಪಾಠ ಹೇಳಿದೆ. ಈ ಭಾಗದ ಮನೆಗಳಿಂದ ಕೆಲಸಕ್ಕೆಂದು ಹೊರದೇಶಕ್ಕೆ ಹೋಗುವವರಿಗೆ ಕೊರತೆಯಿಲ್ಲ. ವಡಾಲದ ಇಂಥದ್ದೊಂದು ಕುಟುಂಬ ಮೂವತ್ತು ಕೆ.ಜಿ. ತೂಕದ ಲ್ಯಾಬ್ರಡಾರ್ ಜೊತೆ ಜರ್ಮನಿಗೆ ಹೊರಟಿದೆ ಎಂದಿಟ್ಟುಕೊಂಡರೆ, ಅವರು ಯಾವ ಕೆಲಸವನ್ನು ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕು? ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಿಂದ ಹೊರಡುವವರಿಗೂ ಕ್ರಮ ಬಹುತೇಕ ಇದೇ.

ಇಷ್ಟೊಂದು ನಿಯಮ ಯಾಕೆ?

ಈ ನಿಯಮಗಳಲ್ಲಿ ಹೆಚ್ಚಿನವುಗಳ ಹಿಂದಿರುವ ಮುಖ್ಯ ಕಾರಣ: ರೇಬಿಸ್. ಜಗತ್ತಿನಲ್ಲಿ ಮನುಷ್ಯರಿಗೆ ರೇಬಿಸ್ ಬರುವ ಪ್ರಕರಣಗಳಲ್ಲಿ ಶೇ. 99ರಷ್ಟು ನಾಯಿಗಳಿಂದಲೇ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ. ಸೋಂಕು ತಗುಲಿದ ನಾಯಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆರೋಗ್ಯವಾಗಿಯೇ ಕಾಣಬಹುದು. ಹಾಗಾಗಿ ವಿಮಾನ ನಿಲ್ದಾಣದಲ್ಲಿ ನಾಯಿಯನ್ನು ನೋಡಿದ ಮಾತ್ರಕ್ಕೆ ಅಧಿಕಾರಿಗಳಿಗೆ ಏನೂ ತಿಳಿಯುವುದಿಲ್ಲ. ಕಾಗದಪತ್ರ ಮತ್ತು ಕಾಯುವ ಅವಧಿ ಎರಡನ್ನೇ ಅವರು ನಂಬುತ್ತಾರೆ.

ಬ್ರಿಟನ್‌ನಲ್ಲಿ ಹಿಂದೆ ಹೊರಗಿನಿಂದ ಬಂದ ಪ್ರತಿ ನಾಯಿಯನ್ನೂ ಆರು ತಿಂಗಳು ಕ್ವಾರಂಟೈನ್ ಕೇಂದ್ರದಲ್ಲಿ ಇರಿಸುತ್ತಿದ್ದರು. 2000ದಲ್ಲಿ ಪೆಟ್ ಟ್ರಾವೆಲ್ ಸ್ಕೀಮ್ ಬಂದ ಮೇಲೆ ಮೈಕ್ರೋಚಿಪ್, ಲಸಿಕೆ, ರಕ್ತ ಪರೀಕ್ಷೆ ಇದ್ದರೆ ಸಾಕು ಎನ್ನುವ ಪದ್ಧತಿ ಶುರುವಾಯಿತು. ಅಂದರೆ ನಾಯಿ ಮೊದಲು ಕ್ವಾರಂಟೈನ್ ಕೇಂದ್ರದಲ್ಲಿ ಕಳೆಯುತ್ತಿದ್ದ ತಿಂಗಳುಗಳನ್ನು ಈಗ ತನ್ನ ಮನೆಯಲ್ಲೇ, ಮನೆಯವರ ಜೊತೆಯಲ್ಲೇ ಕಳೆಯುತ್ತದೆ. ಕಾಯಬೇಕಾದ ಮೂರು ತಿಂಗಳು ಕಿರಿಕಿರಿ ಎನಿಸಿದರೂ ಅದು ನಾಯಿಗೆ ಸಿಕ್ಕ ಅನುಕೂಲವೇ.

ಮೊದಲು ಚಿಪ್, ಆಮೇಲೆ ಲಸಿಕೆ

ಅತಿ ಹೆಚ್ಚು ಜನ ತಪ್ಪುವ ಹೆಜ್ಜೆ ಇದು. ನಾಯಿಗೆ ವರ್ಷ ವರ್ಷ ರೇಬಿಸ್ ಲಸಿಕೆ ಹಾಕಿಸಿರುತ್ತಾರೆ, ಪುಸ್ತಕದಲ್ಲಿ ಸ್ಟಿಕ್ಕರ್ ಕೂಡ ಇರುತ್ತದೆ. ಆದರೆ ಮೈಕ್ರೋಚಿಪ್ ಇರುವುದಿಲ್ಲ. ಚಿಪ್ ಇಲ್ಲದಿದ್ದಾಗ ಹಾಕಿಸಿದ ಲಸಿಕೆ ಇದೇ ನಾಯಿಗೆ ಹಾಕಿದ್ದು ಎಂದು ಸಾಬೀತು ಮಾಡಲು ದಾರಿಯಿಲ್ಲ. ಹಾಗಾಗಿ ಐರೋಪ್ಯ ಒಕ್ಕೂಟ, ಬ್ರಿಟನ್, ಅಮೆರಿಕ, ಜಪಾನ್‌ಗಳು ಚಿಪ್‌ಗಿಂತ ಮೊದಲು ಹಾಕಿದ ಲಸಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚಿಪ್ ಹಾಕಿಸಿ, ಮತ್ತೊಮ್ಮೆ ರೇಬಿಸ್ ಲಸಿಕೆ ಕೊಡಿಸಿ, ಅಲ್ಲಿಂದ ಹೊಸದಾಗಿ ದಿನ ಎಣಿಸಬೇಕು.

ಚಿಪ್ ಎಂದರೆ ಅಕ್ಕಿಕಾಳಿನ ಗಾತ್ರದ ಒಂದು ಕೊಳವೆ. ಪಶುವೈದ್ಯರು ಇಂಜೆಕ್ಷನ್ ಕೊಡುವಂತೆ ಎರಡು ಭುಜಗಳ ನಡುವೆ ಚರ್ಮದ ಕೆಳಗೆ ಇಡುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಕೂಡ ಇಲ್ಲ. ಸ್ಕ್ಯಾನರ್ ಹತ್ತಿರ ತಂದಾಗ 15 ಅಂಕಿಗಳ ಒಂದು ಸಂಖ್ಯೆ ಮಾತ್ರ ತೋರಿಸುತ್ತದೆ. ಐಎಸ್‌ಒ 11784 ಮತ್ತು 11785 ಮಾನದಂಡದ ಚಿಪ್ ಆಗಿರಬೇಕು.

ಇಲ್ಲಿ ಎರಡು ಎಚ್ಚರಿಕೆ ಬೇಕು. ಒಂದು, ಲಸಿಕೆ ಹಾಕುವ ಮೊದಲು ಮತ್ತು ರಕ್ತ ತೆಗೆಯುವ ಮೊದಲು ಪ್ರತಿ ಬಾರಿಯೂ ಚಿಪ್ ಸ್ಕ್ಯಾನ್ ಮಾಡಿಸಬೇಕು. ಎರಡು, ಲಸಿಕೆ ಪುಸ್ತಕ, ರಕ್ತ ಪರೀಕ್ಷೆ ವರದಿ, ಆರೋಗ್ಯ ಪ್ರಮಾಣಪತ್ರ ಎಲ್ಲದರಲ್ಲೂ ಈ 15 ಅಂಕಿಗಳು ಒಂದೇ ರೀತಿ ಇರಬೇಕು. ಒಂದು ಅಂಕಿ ತಪ್ಪಿದರೂ ಅದು ಕಾಗದದ ಮೇಲೆ ಬೇರೆ ನಾಯಿಯೇ.

ವಡಾಲದವರಿಗೆ ಪರೇಲ್ ಹತ್ತಿರ. 1886ರಲ್ಲಿ ಆರಂಭವಾದ ಬಾಂಬೆ ವೆಟರ್ನರಿ ಕಾಲೇಜು ಮತ್ತು ಅದೇ ಆವರಣದ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇರುವುದು ಅಲ್ಲೇ. ಖಾಸಗಿ ಕ್ಲಿನಿಕ್‌ಗಳಲ್ಲೂ ಚಿಪ್ ಹಾಕುತ್ತಾರೆ. ಎಲ್ಲೇ ಹಾಕಿಸಿದರೂ ವೈದ್ಯರ ನೋಂದಣಿ ಸಂಖ್ಯೆ, ಸಹಿ, ಸೀಲು, ಲಸಿಕೆಯ ಬ್ಯಾಚ್ ನಂಬರ್, ಲಸಿಕೆಯ ಅವಧಿ ಮುಗಿಯುವ ದಿನಾಂಕ ಪುಸ್ತಕದಲ್ಲಿ ಸ್ಪಷ್ಟವಾಗಿ ಬಂದಿದೆಯೇ ಎಂದು ಅಲ್ಲೇ ನೋಡಿಕೊಳ್ಳಬೇಕು.

ಟೈಟರ್ ಪರೀಕ್ಷೆ: ಅಸಲಿ ಗಡಿಯಾರ ಇದು

ಲಸಿಕೆ ಹಾಕಿಸಿದರೆ ಸಾಲದು, ಅದು ಕೆಲಸ ಮಾಡಿದೆ ಎಂದು ತೋರಿಸಬೇಕು. ಅದಕ್ಕಾಗಿ ನಾಯಿಯ ರಕ್ತದಲ್ಲಿ ರೇಬಿಸ್ ವಿರುದ್ಧದ ಪ್ರತಿಕಾಯ ಎಷ್ಟಿದೆ ಎಂದು ಅಳೆಯುತ್ತಾರೆ. ಇದೇ ಟೈಟರ್ ಪರೀಕ್ಷೆ. ಪ್ರತಿ ಮಿಲಿಲೀಟರ್‌ಗೆ ಕನಿಷ್ಠ 0.5 ಅಂತರರಾಷ್ಟ್ರೀಯ ಯೂನಿಟ್ ಇದ್ದರೆ ಪಾಸ್. ಕಡಿಮೆ ಬಂದರೆ ಮತ್ತೆ ಲಸಿಕೆ, ಮತ್ತೆ ರಕ್ತ, ಮತ್ತೆ ಮೊದಲಿನಿಂದ ಕಾಯುವಿಕೆ.

ಐರೋಪ್ಯ ಒಕ್ಕೂಟದ ನಿಯಮದಂತೆ ಲಸಿಕೆ ಹಾಕಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಯಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಳೆದ ಮೇಲಷ್ಟೇ ನಾಯಿ ಅಲ್ಲಿಗೆ ಕಾಲಿಡಬಹುದು. ವರದಿ ಬಂದ ದಿನದಿಂದ ಅಲ್ಲ, ರಕ್ತ ತೆಗೆದ ದಿನದಿಂದ ಲೆಕ್ಕ ಎನ್ನುವುದು ಮುಖ್ಯ. ಹಾಗಾಗಿ ವರದಿ ಬರುವುದು ತಡವಾದರೂ ಆ ದಿನಗಳು ವ್ಯರ್ಥವಾಗುವುದಿಲ್ಲ.

ಪರೀಕ್ಷೆ ಎಲ್ಲಿ ಮಾಡಿಸಬೇಕು ಎನ್ನುವುದನ್ನು ಹೋಗುವ ದೇಶವೇ ಹೇಳುತ್ತದೆ. ಅದು ಒಪ್ಪಿದ ಪ್ರಯೋಗಾಲಯಗಳ ಪಟ್ಟಿ ಇರುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬಿಸ್ ಪ್ರಯೋಗಾಲಯ, ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ರೇಬಿಸ್ ರೆಫರೆನ್ಸ್ ಪ್ರಯೋಗಾಲಯಗಳಲ್ಲಿ ಒಂದು. ಆದರೆ ಪ್ರಯೋಗಾಲಯ ಎಷ್ಟೇ ಹೆಸರುವಾಸಿಯಾಗಿದ್ದರೂ ಹೋಗುವ ದೇಶದ ಪಟ್ಟಿಯಲ್ಲಿ ಆ ಹೆಸರು ಇರಲೇಬೇಕು. ಇಲ್ಲದಿದ್ದರೆ ವರದಿ ನಡೆಯುವುದಿಲ್ಲ. ರಕ್ತ ತೆಗೆಯುವ ಮೊದಲೇ ಆಯಾ ದೇಶದ ಸರ್ಕಾರಿ ಜಾಲತಾಣದಲ್ಲಿ ಪಟ್ಟಿ ನೋಡಿಕೊಳ್ಳುವುದು ಕ್ಷೇಮ.

ಇನ್ನೊಂದು ಸಮಾಧಾನದ ಸಂಗತಿ ಇದೆ. ಒಮ್ಮೆ ಟೈಟರ್ ಪಾಸಾದ ಮೇಲೆ ಮುಂದಿನ ರೇಬಿಸ್ ಲಸಿಕೆಗಳನ್ನು ಅವಧಿ ಮುಗಿಯುವ ಮೊದಲೇ ಹಾಕಿಸುತ್ತಾ ಬಂದರೆ ಯುರೋಪ್ ಮತ್ತು ಬ್ರಿಟನ್‌ಗೆ ಮತ್ತೆ ಟೈಟರ್ ಮಾಡಿಸಬೇಕಿಲ್ಲ. ಒಂದು ದಿನ ತಡವಾದರೂ ಈ ಅನುಕೂಲ ಹೋಗುತ್ತದೆ. ವಿದೇಶಕ್ಕೆ ಹೋಗುವ ಯೋಚನೆ ಮನೆಯಲ್ಲಿ ಬಂದ ದಿನವೇ ಚಿಪ್ ಹಾಕಿಸಿ, ಟೈಟರ್ ಮಾಡಿಸಿ ಇಟ್ಟುಕೊಂಡರೆ, ಕೆಲಸ ಸಿಗುವುದು ವರ್ಷ ತಡವಾದರೂ ನಾಯಿ ಸಿದ್ಧವಾಗಿಯೇ ಇರುತ್ತದೆ.

ಕ್ಯಾಲೆಂಡರ್ ಲೆಕ್ಕ ಹೀಗಿದೆ

ವಡಾಲದ ಕುಟುಂಬ ಜನವರಿ 1ರಂದು ನಾಯಿಗೆ ಚಿಪ್ ಮತ್ತು ರೇಬಿಸ್ ಲಸಿಕೆ ಎರಡನ್ನೂ ಹಾಕಿಸಿತು ಎಂದುಕೊಂಡರೆ:

- ಫೆಬ್ರವರಿ 2: ಟೈಟರ್‌ಗೆ ರಕ್ತ ತೆಗೆಯಬಹುದು. ಜಪಾನ್‌ಗೆ ಹೋಗುವುದಾದರೆ ಅದೇ ದಿನ ಎರಡನೇ ಲಸಿಕೆಯನ್ನೂ ಹಾಕಿಸಬೇಕು.
- ಮಾರ್ಚ್ ಮೊದಲ ವಾರ: ರಕ್ತ ತೆಗೆದು 28 ದಿನ ಕಳೆದಿರುವುದರಿಂದ ಅಮೆರಿಕಕ್ಕೆ ದಾರಿ ತೆರೆಯುತ್ತದೆ.
- ಮೇ ಮೊದಲ ವಾರ: ಮೂರು ತಿಂಗಳು ಮುಗಿಯುವುದರಿಂದ ಜರ್ಮನಿ, ನೆದರ್ಲೆಂಡ್ಸ್, ಬ್ರಿಟನ್‌ಗೆ ಹೋಗಬಹುದು.
- ಆಗಸ್ಟ್ 1: 180 ದಿನ ಪೂರ್ತಿಯಾಗುವುದರಿಂದ ಜಪಾನ್‌ಗೆ ಹೋಗಬಹುದು.

ಇದು ಎಲ್ಲವೂ ಸರಿಯಾಗಿ ನಡೆದರೆ ಬರುವ ಲೆಕ್ಕ. ಟೈಟರ್ ಫೇಲ್ ಆಗುವ, ವಿಮಾನದಲ್ಲಿ ಜಾಗ ಸಿಗದಿರುವ ಸಾಧ್ಯತೆಗೆ ಇನ್ನೊಂದು ತಿಂಗಳು ಸೇರಿಸಿಕೊಳ್ಳುವುದು ಒಳ್ಳೆಯದು.

ಯಾವ ದೇಶಕ್ಕೆ ಏನು ನಿಯಮ?

ಜರ್ಮನಿ ಮತ್ತು ಐರೋಪ್ಯ ಒಕ್ಕೂಟ: ಚಿಪ್, ಲಸಿಕೆ, ಟೈಟರ್, ಮೂರು ತಿಂಗಳ ಅವಧಿ. ಇದರ ಜೊತೆಗೆ ಐರೋಪ್ಯ ಒಕ್ಕೂಟದ ನಮೂನೆಯ ಆರೋಗ್ಯ ಪ್ರಮಾಣಪತ್ರ ಬೇಕು. ಅದು ನೀಡಿದ ದಿನದಿಂದ 10 ದಿನದೊಳಗೆ ಅಲ್ಲಿಗೆ ತಲುಪಬೇಕು. ನಾಯಿ ಮತ್ತು ಮಾಲೀಕರ ಪ್ರಯಾಣದ ನಡುವೆ 5 ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಹೆಚ್ಚಾದರೆ ಅದನ್ನು ವ್ಯಾಪಾರಕ್ಕೆ ತರುವ ನಾಯಿಯಂತೆ ಪರಿಗಣಿಸುತ್ತಾರೆ, ನಿಯಮಗಳೂ ಬೇರೆಯಾಗುತ್ತವೆ. ಜರ್ಮನಿಗೆ ಪಿಟ್ ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್, ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್, ಬುಲ್ ಟೆರಿಯರ್ ತಳಿಗಳನ್ನು ತರುವಂತಿಲ್ಲ. ಅಲ್ಲಿ ನಾಯಿ ಸಾಕುವವರು ಸ್ಥಳೀಯ ಆಡಳಿತಕ್ಕೆ ನಾಯಿ ತೆರಿಗೆ ಕಟ್ಟಬೇಕು ಎನ್ನುವುದೂ ಗೊತ್ತಿರಲಿ.

ಬ್ರಿಟನ್: ಮೇಲಿನ ಎಲ್ಲದರ ಜೊತೆಗೆ, ತಲುಪುವ 24ರಿಂದ 120 ಗಂಟೆ ಮೊದಲು ಲಾಡಿಹುಳುವಿನ ಔಷಧ ಕೊಡಿಸಿ ಪ್ರಮಾಣಪತ್ರದಲ್ಲಿ ಬರೆಸಬೇಕು. ಭಾರತದಿಂದ ವಿಮಾನದಲ್ಲಿ ಹೋಗುವ ನಾಯಿ ಕಾರ್ಗೋ ಆಗಿಯೇ ಇಳಿಯಬೇಕು. ಪ್ರಯಾಣಿಕರ ಜೊತೆ ಕ್ಯಾಬಿನ್‌ನಲ್ಲಿ ಬರುವಂತಿಲ್ಲ, ಸಹಾಯಕ ನಾಯಿಗಳಿಗೆ ಮಾತ್ರ ವಿನಾಯಿತಿ. ಕೆಲವರು ಪ್ಯಾರಿಸ್‌ಗೋ ಆಮ್‌ಸ್ಟರ್‌ಡಾಮ್‌ಗೋ ಇಳಿದು ಅಲ್ಲಿಂದ ರಸ್ತೆ, ಸುರಂಗ ರೈಲು ಅಥವಾ ಫೆರಿ ಮೂಲಕ ಹೋಗುತ್ತಾರೆ. ಹಾಗೆ ಮಾಡಿದರೆ ಎರಡೂ ಕಡೆಯ ನಿಯಮ ಪಾಲಿಸಬೇಕು. ಎಕ್ಸ್‌ಎಲ್ ಬುಲ್ಲಿ, ಪಿಟ್ ಬುಲ್ ಸೇರಿದಂತೆ ಕೆಲವು ತಳಿಗಳಿಗೆ ಅಲ್ಲಿ ನಿಷೇಧವಿದೆ.

ಅಮೆರಿಕ: 2024ರ ಆಗಸ್ಟ್ 1ರಿಂದ ಹೊಸ ನಿಯಮ ಜಾರಿಯಲ್ಲಿದೆ. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ರೇಬಿಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತವನ್ನೂ ಇರಿಸಿದೆ. ನಾಯಿಗೆ ಕನಿಷ್ಠ 6 ತಿಂಗಳು ತುಂಬಿರಬೇಕು. ಚಿಪ್, ಸಿಡಿಸಿಯ ನಾಯಿ ಆಮದು ಅರ್ಜಿ, ಪಶುವೈದ್ಯರು ತುಂಬಿ ಸರ್ಕಾರಿ ಪಶುವೈದ್ಯಾಧಿಕಾರಿ ದೃಢೀಕರಿಸಿದ ಲಸಿಕೆ ಪ್ರಮಾಣಪತ್ರ ಬೇಕು. ಸಿಡಿಸಿ ನೋಂದಾಯಿತ ಪ್ರಾಣಿ ಆರೈಕೆ ಕೇಂದ್ರ ಇರುವ ವಿಮಾನ ನಿಲ್ದಾಣದಲ್ಲೇ ಇಳಿಯಬೇಕು ಮತ್ತು ಆ ಕೇಂದ್ರದಲ್ಲಿ ಮೊದಲೇ ಬುಕ್ ಮಾಡಿರಬೇಕು. ನ್ಯೂಯಾರ್ಕ್‌ನ ಜೆಎಫ್‌ಕೆ, ಅಟ್ಲಾಂಟಾ, ಲಾಸ್ ಏಂಜಲೀಸ್‌ನಂಥ ಕೆಲವೇ ನಿಲ್ದಾಣಗಳಲ್ಲಿ ಈ ವ್ಯವಸ್ಥೆ ಇದೆ. ಟೈಟರ್ ವರದಿ ಇಲ್ಲದಿದ್ದರೆ ಅಲ್ಲಿ 28 ದಿನ ಕ್ವಾರಂಟೈನ್, ಖರ್ಚು ಮಾಲೀಕರದ್ದೇ. ಹಿಂದಿನ 6 ತಿಂಗಳಲ್ಲಿ ಭಾರತದಲ್ಲಿದ್ದ ನಾಯಿ ಯುರೋಪ್ ದಾರಿಯಲ್ಲಿ ಹೋದರೂ ಇದೇ ನಿಯಮ ಅನ್ವಯಿಸುತ್ತದೆ.

ಕೆನಡಾ: ಮಾಲೀಕರ ಜೊತೆ ಹೋಗುವ ಸ್ವಂತ ನಾಯಿಗೆ ಅವಕಾಶವಿದೆ. ಆದರೆ 2022ರ ಸೆಪ್ಟೆಂಬರ್ 28ರಿಂದ ಭಾರತವೂ ಸೇರಿದಂತೆ ರೇಬಿಸ್ ಅಪಾಯದ ದೇಶಗಳಿಂದ ವಾಣಿಜ್ಯ ಉದ್ದೇಶಕ್ಕೆ ನಾಯಿ ತರುವುದನ್ನು ನಿಲ್ಲಿಸಲಾಗಿದೆ. ಮಾರಾಟವಷ್ಟೇ ಅಲ್ಲ, ಬೇರೆಯವರಿಗೆ ದತ್ತು ಕೊಡಲು ಒಯ್ಯುವುದೂ ಈ ನಿಷೇಧದಲ್ಲಿ ಬರುತ್ತದೆ. ಬೀದಿನಾಯಿಗಳನ್ನು ರಕ್ಷಿಸಿ ಅಲ್ಲಿನ ಮನೆಗಳಿಗೆ ಕಳಿಸಬೇಕೆನ್ನುವವರು ಇದನ್ನು ಗಮನಿಸಬೇಕು.

ದುಬೈ: ಯುಎಇ ಸರ್ಕಾರದ ಆಮದು ಪರವಾನಗಿ ಮೊದಲೇ ಪಡೆದಿರಬೇಕು. ದುಬೈಗೆ ಸಾಕುನಾಯಿ ಹೋಗುವುದು ಕಾರ್ಗೋ ಮೂಲಕವೇ. ಇಲ್ಲೂ ಕೆಲವು ತಳಿಗಳಿಗೆ ಪ್ರವೇಶವಿಲ್ಲ.

ಆಸ್ಟ್ರೇಲಿಯಾ: ನಾಯಿ ಆಮದಿಗೆ ಒಪ್ಪಿಗೆ ಪಡೆದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ನಾಯಿಯನ್ನು ಮೊದಲು ಪಟ್ಟಿಯಲ್ಲಿರುವ ಬೇರೊಂದು ದೇಶಕ್ಕೆ ಕರೆದೊಯ್ದು, ಅಲ್ಲಿ ಉಳಿಸಿಕೊಂಡು ತಯಾರಿ ಮುಗಿಸಿ, ಆಮೇಲೆ ಆಸ್ಟ್ರೇಲಿಯಾಕ್ಕೆ ಒಯ್ಯಬೇಕು. ಇಳಿದ ಮೇಲೆ ಮೆಲ್ಬರ್ನ್ ಸಮೀಪದ ಮಿಕಲ್‌ಹ್ಯಾಮ್ ಕೇಂದ್ರದಲ್ಲಿ ಕ್ವಾರಂಟೈನ್ ಕಡ್ಡಾಯ. ನಾಯಿ ಇರುವ ಕುಟುಂಬ ಆಸ್ಟ್ರೇಲಿಯಾದ ಕೆಲಸ ಒಪ್ಪಿಕೊಳ್ಳುವ ಮೊದಲೇ ಈ ಸಮಯ ಮತ್ತು ಖರ್ಚನ್ನು ಲೆಕ್ಕ ಹಾಕಬೇಕು.

ನಿಯಮಗಳು ಆಗಾಗ ಬದಲಾಗುತ್ತವೆ. ಬುಕಿಂಗ್ ಮಾಡುವಾಗ ಒಮ್ಮೆ, ಪ್ರಯಾಣದ ತಿಂಗಳಲ್ಲಿ ಇನ್ನೊಮ್ಮೆ ಆಯಾ ದೇಶದ ಸರ್ಕಾರಿ ಜಾಲತಾಣ ನೋಡುವುದು ಕಡ್ಡಾಯ ಎಂದೇ ಭಾವಿಸಬೇಕು.

ಭಾರತದಿಂದ ಹೊರಡಲು ಯಾರ ಒಪ್ಪಿಗೆ?

ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯ ಅಡಿಯಲ್ಲಿ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆ ಎಂಬ ವಿಭಾಗವಿದೆ. ಎಲ್ಲರೂ ಎಕ್ಯೂಸಿಎಸ್ ಎಂದೇ ಕರೆಯುತ್ತಾರೆ. ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ, ಬೆಂಗಳೂರು, ಹೈದರಾಬಾದ್‌ಗಳಲ್ಲಿ ಇದರ ಕೇಂದ್ರಗಳಿವೆ. ಕರಾವಳಿ ಅಥವಾ ಉತ್ತರ ಕರ್ನಾಟಕದವರು ಸಾಮಾನ್ಯವಾಗಿ ಬೆಂಗಳೂರು ಅಥವಾ ಮುಂಬೈ ಮೂಲಕ ಹೊರಡುವುದು ಇದೇ ಕಾರಣಕ್ಕೆ.

ಪ್ರಯಾಣಕ್ಕೆ ಕೆಲವೇ ದಿನ ಮೊದಲು ನಾಯಿಯನ್ನು ಅಧಿಕಾರಿಗಳ ಮುಂದೆ ಹಾಜರುಪಡಿಸಬೇಕು. ಅವರು ಚಿಪ್ ಸ್ಕ್ಯಾನ್ ಮಾಡಿ, ನಾಯಿಯನ್ನು ಪರೀಕ್ಷಿಸಿ, ಕಾಗದಪತ್ರ ತಾಳೆ ನೋಡಿ ರಫ್ತು ಆರೋಗ್ಯ ಪ್ರಮಾಣಪತ್ರ ಕೊಡುತ್ತಾರೆ. ಮನೆಯ ಕಾಯಂ ಪಶುವೈದ್ಯರು ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್, ಲಸಿಕೆ ಪುಸ್ತಕ, ಚಿಪ್ ಪ್ರಮಾಣಪತ್ರ, ಟೈಟರ್ ವರದಿ, ಮಾಲೀಕರ ಪಾಸ್‌ಪೋರ್ಟ್, ವೀಸಾ, ಟಿಕೆಟ್ ಪ್ರತಿ, ನಾಯಿಯ ಫೋಟೋ ಜೊತೆಗಿರಬೇಕು. ಪ್ರಮಾಣಪತ್ರಕ್ಕೆ ಆಯುಷ್ಯ ಕಡಿಮೆ. ಆದ್ದರಿಂದ ಇದನ್ನು ತುಂಬಾ ಮೊದಲೇ ಮಾಡಿಸಿಟ್ಟುಕೊಳ್ಳಲು ಬರುವುದಿಲ್ಲ. ಹಬ್ಬ, ಸರ್ಕಾರಿ ರಜೆ, ವಾರಾಂತ್ಯ ನೋಡಿಕೊಂಡೇ ವಿಮಾನದ ದಿನ ಗೊತ್ತುಮಾಡಬೇಕು. ಗಣೇಶ ಚತುರ್ಥಿಯ ಮರುದಿನ ಹೊರಡುತ್ತೇವೆ ಎಂದರೆ ಮುಂಬೈನಲ್ಲಿ ಕಷ್ಟ.

ವಿಮಾನದಲ್ಲಿ ಮೂರು ದಾರಿ

ಕ್ಯಾಬಿನ್‌ನಲ್ಲಿ, ಸೀಟಿನ ಕೆಳಗೆ: ಚೀಲದ ತೂಕವೂ ಸೇರಿ ಸಾಮಾನ್ಯವಾಗಿ 7-8 ಕೆ.ಜಿ. ಒಳಗಿನ ಸಣ್ಣ ನಾಯಿಗಳಿಗೆ ಮಾತ್ರ. ಮಿತಿ ವಿಮಾನ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ.

ಹೆಚ್ಚುವರಿ ಬ್ಯಾಗೇಜ್ ಆಗಿ: ಮಾಲೀಕರು ಪ್ರಯಾಣಿಸುವ ಅದೇ ವಿಮಾನದಲ್ಲಿ, ಕೆಳಗಿನ ವಿಭಾಗದಲ್ಲಿ ಕ್ರೇಟ್ ಒಳಗೆ. ಚೆಕ್ ಇನ್ ಕೌಂಟರ್‌ನಲ್ಲೇ ಒಪ್ಪಿಸುವುದರಿಂದ ಖರ್ಚು ಕಡಿಮೆ. ಆದರೆ ಒಂದು ವಿಮಾನದಲ್ಲಿ ಒಯ್ಯುವ ಪ್ರಾಣಿಗಳ ಸಂಖ್ಯೆಗೆ ಮಿತಿ ಇದೆ. ಮನುಷ್ಯರ ಟಿಕೆಟ್ ಕೊಳ್ಳುವ ಮೊದಲೇ ಫೋನ್ ಮಾಡಿ ನಾಯಿಗೆ ಜಾಗವಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಕಾರ್ಗೋ ಆಗಿ: ಏರ್‌ವೇ ಬಿಲ್, ಕಸ್ಟಮ್ಸ್ ಪ್ರಕ್ರಿಯೆ ಎಲ್ಲ ಇರುತ್ತದೆ. ಮಾಲೀಕರು ಬೇರೆ ವಿಮಾನದಲ್ಲಿದ್ದರೂ ಸರಿ. ಕಾಗದದ ಕೆಲಸ ಹೆಚ್ಚಿರುವುದರಿಂದ ಇಲ್ಲಿ ಪೆಟ್ ರಿಲೊಕೇಶನ್ ಏಜೆನ್ಸಿಗಳ ನೆರವು ಪಡೆಯುವವರೇ ಹೆಚ್ಚು.

ಕಾರ್ಗೋ ಎಂದ ಕೂಡಲೇ ಸೂಟ್‌ಕೇಸ್‌ಗಳ ನಡುವೆ ನಾಯಿಯನ್ನು ತುರುಕುತ್ತಾರೆ ಎಂಬ ಭಯ ಹಲವರಿಗಿದೆ. ವಾಸ್ತವದಲ್ಲಿ ಪ್ರಾಣಿಗಳನ್ನು ಇಡುವ ವಿಭಾಗದಲ್ಲಿ ಗಾಳಿಯ ಒತ್ತಡ ಮೇಲಿನ ಕ್ಯಾಬಿನ್‌ನಷ್ಟೇ ಇರುತ್ತದೆ, ಉಷ್ಣತೆಯನ್ನೂ ನಿಯಂತ್ರಿಸುತ್ತಾರೆ. ಹಾರಾಟಕ್ಕಿಂತ ಹೆಚ್ಚು ಕಷ್ಟ ನೆಲದ ಮೇಲೆ, ಬಿಸಿಲಿನಲ್ಲಿ ಕಾಯುವಾಗ. ಹಾಗಾಗಿ ಮುಂಬೈನಿಂದ ಮಧ್ಯರಾತ್ರಿ ಬಳಿಕ ಹೊರಡುವ ಯುರೋಪ್ ವಿಮಾನಗಳು ನಾಯಿಗಳಿಗೆ ಅನುಕೂಲ. ಸಾಧ್ಯವಾದರೆ ನೇರ ವಿಮಾನ ಉತ್ತಮ. ನಡುವೆ ಇಳಿಯಲೇಬೇಕಾದರೆ ಪ್ರಾಣಿ ಆರೈಕೆ ವ್ಯವಸ್ಥೆ ಇರುವ ನಿಲ್ದಾಣ ಆರಿಸಿಕೊಳ್ಳಬೇಕು. ಫ್ರಾಂಕ್‌ಫರ್ಟ್‌ನಲ್ಲಿ ಲುಫ್ತಾನ್ಸಾದ ಅನಿಮಲ್ ಲೌಂಜ್ 2008ರಿಂದ ಕೆಲಸ ಮಾಡುತ್ತಿದೆ.

ಕ್ರೇಟ್ ಅಳತೆ ತಪ್ಪಿದರೆ ನಾಯಿ ಹತ್ತುವುದಿಲ್ಲ

ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ ಐಎಟಿಎ ಇದಕ್ಕೊಂದು ಲೆಕ್ಕ ಕೊಟ್ಟಿದೆ. ನಾಯಿಯನ್ನು ನಿಲ್ಲಿಸಿ ನಾಲ್ಕು ಅಳತೆ ತೆಗೆಯಬೇಕು.

- ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದ
- ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರ
- ಭುಜದ ಅಗಲ
- ನೆಲದಿಂದ ತಲೆ ಅಥವಾ ಕಿವಿಯ ತುದಿವರೆಗಿನ ಎತ್ತರ

ಕ್ರೇಟ್‌ನ ಉದ್ದ ಎಂದರೆ ಮೊದಲ ಅಳತೆಗೆ ಎರಡನೆಯದರ ಅರ್ಧ ಸೇರಿಸಿದ್ದು. ಅಗಲ ಎಂದರೆ ಭುಜದ ಅಗಲದ ಎರಡು ಪಟ್ಟು. ಎತ್ತರ ಎಂದರೆ ನಾಲ್ಕನೆಯ ಅಳತೆಗೆ ಹಾಸಿಗೆಯ ದಪ್ಪ ಸೇರಿಸಿದ್ದು.

ವಡಾಲದ ಲ್ಯಾಬ್ರಡಾರ್‌ನ ಅಳತೆ ಕ್ರಮವಾಗಿ 80, 32, 28, 62 ಸೆಂ.ಮೀ. ಎಂದಿದ್ದರೆ, ಕ್ರೇಟ್ ಒಳಗೆ ಕನಿಷ್ಠ 96 ಸೆಂ.ಮೀ. ಉದ್ದ, 56 ಸೆಂ.ಮೀ. ಅಗಲ, 3 ಸೆಂ.ಮೀ. ಹಾಸಿಗೆ ಸೇರಿಸಿ 65 ಸೆಂ.ಮೀ. ಎತ್ತರ ಬೇಕು. ನಾಯಿ ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆಗಬೇಕು ಎನ್ನುವುದೇ ಇದರ ಉದ್ದೇಶ.

ಕ್ರೇಟ್ ಗಟ್ಟಿ ಪ್ಲಾಸ್ಟಿಕ್ ಅಥವಾ ಮರದ್ದಾಗಿರಬೇಕು. ನಾಲ್ಕೂ ಬದಿಯಲ್ಲಿ ಗಾಳಿಕಿಂಡಿ, ಲೋಹದ ಬಾಗಿಲು, ಮೇಲಿನ ಮತ್ತು ಕೆಳಗಿನ ಭಾಗ ಸೇರಿಸಲು ಲೋಹದ ಬೋಲ್ಟ್ ಇರಬೇಕು. ಚಕ್ರಗಳಿದ್ದರೆ ತೆಗೆಯಬೇಕು. ನೀರು ಮತ್ತು ಆಹಾರದ ಬಟ್ಟಲು ಬಾಗಿಲಿಗೆ ಅಂಟಿಕೊಂಡಿದ್ದು, ಬಾಗಿಲು ತೆರೆಯದೆ ಹೊರಗಿನಿಂದಲೇ ತುಂಬಿಸುವಂತಿರಬೇಕು. ‘ಜೀವಂತ ಪ್ರಾಣಿ’ ಎಂಬ ಇಂಗ್ಲಿಷ್ ಲೇಬಲ್, ಮೇಲ್ಮುಖ ಬಾಣದ ಗುರುತು ಕಡ್ಡಾಯ.

ಕ್ರೇಟ್ ಅನ್ನು ಪ್ರಯಾಣದ ಹಿಂದಿನ ದಿನ ತರುವುದು ದೊಡ್ಡ ತಪ್ಪು. ಎರಡು ಮೂರು ತಿಂಗಳು ಮೊದಲೇ ತಂದು ಹಾಲ್‌ನಲ್ಲಿ ಬಾಗಿಲು ತೆರೆದು ಇಡಬೇಕು. ಊಟ ಅದರೊಳಗೇ ಕೊಡಬೇಕು. ಮನೆಯವರ ಹಳೆಯ ಬಟ್ಟೆಯೊಂದನ್ನು ಹಾಸಬೇಕು. ನಾಯಿ ತಾನಾಗಿಯೇ ಹೋಗಿ ಮಲಗಲು ಶುರು ಮಾಡಿದ ಮೇಲೆ ಹತ್ತು ನಿಮಿಷ, ಅರ್ಧ ಗಂಟೆ, ಎರಡು ಗಂಟೆ ಎಂದು ಬಾಗಿಲು ಹಾಕಿ ಅಭ್ಯಾಸ ಮಾಡಿಸಬೇಕು. ವಿಮಾನದಲ್ಲಿ ಅದಕ್ಕೆ ಪರಿಚಯವಿರುವ ಜಾಗ ಅದೊಂದೇ.

ನಿದ್ರೆ ಮಾತ್ರೆ ಬೇಡ

ನಾಯಿ ಹೆದರುತ್ತದೆ, ಮಾತ್ರೆ ಕೊಟ್ಟು ಮಲಗಿಸೋಣ ಎನ್ನುವುದು ಒಳ್ಳೆಯ ಮನಸ್ಸಿನಿಂದ ಬರುವ ಅಪಾಯಕಾರಿ ಯೋಚನೆ. ಮತ್ತು ಬರಿಸುವ ಔಷಧಗಳು ರಕ್ತದೊತ್ತಡ ಇಳಿಸುತ್ತವೆ, ಉಸಿರಾಟಕ್ಕೆ ತೊಂದರೆ ಕೊಡುತ್ತವೆ, ಕ್ರೇಟ್ ಅಲುಗಿದಾಗ ನಾಯಿಗೆ ಸಮತೋಲನ ಕಾಯ್ದುಕೊಳ್ಳಲು ಆಗುವುದಿಲ್ಲ. ಐಎಟಿಎ ಇದನ್ನು ಶಿಫಾರಸು ಮಾಡುವುದಿಲ್ಲ. ಮತ್ತಿನಲ್ಲಿರುವಂತೆ ಕಂಡ ನಾಯಿಯನ್ನು ಬಹುತೇಕ ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದೂ ಇಲ್ಲ.

ಪಗ್, ಬುಲ್‌ಡಾಗ್, ಬಾಕ್ಸರ್, ಶಿಟ್ಜುನಂಥ ಚಪ್ಪಟೆ ಮೂಗಿನ ತಳಿಗಳಿಗೆ ಉಸಿರಾಟವೇ ಕಷ್ಟ. ಸೆಕೆಯಲ್ಲಿ ಇನ್ನೂ ಕಷ್ಟ. ಹಲವು ವಿಮಾನ ಸಂಸ್ಥೆಗಳು ಇವುಗಳನ್ನು ಕೆಳಗಿನ ವಿಭಾಗದಲ್ಲಿ ಒಯ್ಯಲು ಒಪ್ಪುವುದಿಲ್ಲ. ಒಪ್ಪಿದರೂ ಐಎಟಿಎ ಪ್ರಕಾರ ಕ್ರೇಟ್ ಶೇ. 10ರಷ್ಟು ದೊಡ್ಡದಿರಬೇಕು. ಪಗ್ ಇರುವ ಮನೆಯವರು ದೇಶದ ನಿಯಮಕ್ಕಿಂತ ಮೊದಲು ವಿಮಾನ ಸಂಸ್ಥೆಯ ನಿಯಮ ನೋಡಬೇಕು. ಹೃದ್ರೋಗವಿರುವ, ತೀರಾ ವಯಸ್ಸಾದ ನಾಯಿಯ ವಿಷಯದಲ್ಲಿ ಪಶುವೈದ್ಯರ ಮಾತೇ ಅಂತಿಮ.

ಹೊರಡುವ ದಿನ

ಹೊಟ್ಟೆ ತುಂಬಾ ಊಟ ಹಾಕಿ ಕಳಿಸುವುದು ಬೇಡ. ಹೊರಡುವ ಕೆಲವು ಗಂಟೆ ಮೊದಲು ಹಗುರ ಊಟ, ಆಗಾಗ ನೀರು ಸಾಕು. ಕೊನೆಯಲ್ಲಿ ಉದ್ದದ ವಾಕಿಂಗ್ ಮಾಡಿಸಬೇಕು. ವಡಾಲ, ಮಾಟುಂಗಾದವರಿಗೆ ಫೈವ್ ಗಾರ್ಡನ್ಸ್ ಸುತ್ತಿನ ರಸ್ತೆಗಳಿವೆ.

ಕಾರ್ಗೋ ಆದರೆ ಸಹಾರ್‌ನ ಏರ್ ಕಾರ್ಗೋ ಕಾಂಪ್ಲೆಕ್ಸ್‌ಗೆ, ಬ್ಯಾಗೇಜ್ ಆದರೆ ಟರ್ಮಿನಲ್‌ಗೆ ವಿಮಾನ ಸಂಸ್ಥೆ ಹೇಳಿದ ಸಮಯಕ್ಕೆ ತಲುಪಬೇಕು. ಕಾರ್ಗೋಗೆ ಹಲವು ಗಂಟೆ ಮೊದಲೇ ಹೋಗಬೇಕಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹೊರಡುವವರಿಗೆ ಇನ್ನೊಂದು ಚಿಂತೆ ಇದೆ. ಜೋರು ಮಳೆ ಬಂದರೆ ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್, ಸಯನ್‌ನಲ್ಲಿ ನೀರು ನಿಲ್ಲುವುದು ಮುಂಬೈಗೆ ಹೊಸದಲ್ಲ. ದೊಡ್ಡ ಕ್ರೇಟ್ ಸಾಮಾನ್ಯ ಟ್ಯಾಕ್ಸಿಯಲ್ಲಿ ಹಿಡಿಸುವುದೂ ಇಲ್ಲ. ಟೆಂಪೋ ಅಥವಾ ದೊಡ್ಡ ವಾಹನವನ್ನು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಬೇಕು.

ಕಾಗದಪತ್ರಗಳ ಮೂಲ ಪ್ರತಿ ಮಾಲೀಕರ ಕೈಚೀಲದಲ್ಲಿರಲಿ. ಕಾರ್ಗೋದಲ್ಲಿ ಹೋಗುವ ನಾಯಿಯ ಮೂಲ ಪತ್ರಗಳನ್ನು ಏರ್‌ವೇ ಬಿಲ್ ಜೊತೆ ಕಳಿಸಬೇಕಾಗುತ್ತದೆ, ಆಗ ಪೂರ್ತಿ ಸೆಟ್‌ನ ಪ್ರತಿ ಜೊತೆಗಿರಬೇಕು. ಕ್ರೇಟ್ ಮೇಲೆ ನಾಯಿಯ ಹೆಸರು, ಎರಡೂ ದೇಶದ ಫೋನ್ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದಿರಬೇಕು.

ಖರ್ಚು ಹೆಚ್ಚಾಗುವುದು ಎಲ್ಲಿ?

ಚಿಪ್, ಲಸಿಕೆ, ಪ್ರಮಾಣಪತ್ರದ ಖರ್ಚು ಒಟ್ಟು ಮೊತ್ತದಲ್ಲಿ ಸಣ್ಣ ಪಾಲು. ಟೈಟರ್ ಪರೀಕ್ಷೆ ಅದಕ್ಕಿಂತ ಹೆಚ್ಚು. ದೊಡ್ಡ ಪಾಲು ವಿಮಾನ ಶುಲ್ಕದ್ದು. ಕಾರ್ಗೋ ಶುಲ್ಕ ಬರೀ ತೂಕದ ಮೇಲಲ್ಲ, ಜಾಗದ ಮೇಲೂ ನಿಂತಿದೆ. ಕ್ರೇಟ್‌ನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ಮೇಲಿನ ಲ್ಯಾಬ್ರಡಾರ್‌ನ ಕ್ರೇಟ್‌ಗೆ ಅದು ಸುಮಾರು 58 ಕೆ.ಜಿ. ಆಗುತ್ತದೆ. ನಾಯಿ 30, ಕ್ರೇಟ್ 10 ಸೇರಿ ನಿಜವಾದ ತೂಕ 40 ಕೆ.ಜಿ. ಇದ್ದರೂ ಎರಡರಲ್ಲಿ ಹೆಚ್ಚಿನದಕ್ಕೇ, ಅಂದರೆ 58 ಕೆ.ಜಿ.ಗೆ ಹಣ ಕಟ್ಟಬೇಕು. ಕ್ರೇಟ್‌ನ ಹೊರ ಅಳತೆ ಹಿಡಿದರೆ ಇನ್ನೂ ಸ್ವಲ್ಪ ಹೆಚ್ಚು. ಹಾಗೆಂದು ಹಣ ಉಳಿಸಲು ಸಣ್ಣ ಕ್ರೇಟ್ ತಂದರೆ ಕೌಂಟರ್‌ನಲ್ಲೇ ವಾಪಸ್ ಕಳಿಸುತ್ತಾರೆ.

ಏಜೆನ್ಸಿ ಗೊತ್ತುಮಾಡುವಾಗ ಕೊಟ್ಟ ಮೊತ್ತದಲ್ಲಿ ಏನೇನು ಸೇರಿದೆ ಎಂದು ಬರವಣಿಗೆಯಲ್ಲಿ ಕೇಳಬೇಕು. ಅಲ್ಲಿ ಇಳಿದ ಮೇಲಿನ ಕಸ್ಟಮ್ಸ್, ಪಶುವೈದ್ಯ ತಪಾಸಣೆ, ನಿರ್ವಹಣಾ ಶುಲ್ಕ ಸೇರಿದೆಯೇ? ಟೈಟರ್ ಫೇಲ್ ಆದರೆ ಯಾರ ಖರ್ಚು? ವಿಮಾನ ರದ್ದಾದರೆ ಆ ರಾತ್ರಿ ನಾಯಿ ಎಲ್ಲಿರುತ್ತದೆ? ಈ ಮೂರು ಪ್ರಶ್ನೆಗೆ ಸ್ಪಷ್ಟ ಉತ್ತರ ಬೇಕು.

ಸಮಯ ಸಾಲದಿದ್ದರೆ?

ಚಿಪ್ ಇಲ್ಲ, ವಿಮಾನ ಮುಂದಿನ ತಿಂಗಳು. ಹೀಗಾದಾಗಲೂ ದಾರಿ ಪೂರ್ತಿ ಮುಚ್ಚಿಲ್ಲ. ಕೆಲಸಕ್ಕೆ ಸೇರಬೇಕಾದವರು ಮೊದಲು ಹೋಗಿ, ಉಳಿದವರು ಅವಧಿ ಮುಗಿದ ಮೇಲೆ ನಾಯಿಯೊಂದಿಗೆ ಹೋಗಬಹುದು. ಮಾಲೀಕರು ಲಿಖಿತವಾಗಿ ಅಧಿಕಾರ ಕೊಟ್ಟ ವ್ಯಕ್ತಿ ನಾಯಿಯನ್ನು ಕರೆತರಲು ಯುರೋಪ್‌ನಲ್ಲಿ ಅವಕಾಶವಿದೆ. ಆದರೆ ಆಗಲೂ 5 ದಿನದ ನಿಯಮ ಮಾಲೀಕರ ಪ್ರಯಾಣಕ್ಕೆ ಅನ್ವಯಿಸುವುದರಿಂದ ಮಾಲೀಕರು ಒಮ್ಮೆ ಊರಿಗೆ ಬಂದು ಹೋಗುವ ಸಮಯಕ್ಕೇ ನಾಯಿಯ ಪ್ರಯಾಣ ಇಟ್ಟುಕೊಂಡರೆ ಸುಲಭ. ಅಲ್ಲಿಯವರೆಗೆ ನಾಯಿ ಅಜ್ಜಿ ಮನೆಯಲ್ಲೋ, ಪರಿಚಿತರಲ್ಲೋ, ನಂಬಿಕೆಯ ಬೋರ್ಡಿಂಗ್‌ನಲ್ಲೋ ಇರಬಹುದು. ಇದ್ದಷ್ಟು ದಿನವೂ ಲಸಿಕೆಯ ದಿನಾಂಕ ತಪ್ಪದಂತೆ ನೋಡಿಕೊಳ್ಳುವವರು ಬೇಕು.

ಕೆಲವೊಮ್ಮೆ ಕರೆದೊಯ್ಯದಿರುವುದೇ ಸರಿ ಎನಿಸಬಹುದು. ಹದಿಮೂರು ವರ್ಷದ ನಾಯಿಗೆ ಇಪ್ಪತ್ತು ಗಂಟೆಯ ಪ್ರಯಾಣಕ್ಕಿಂತ ಪರಿಚಯದ ಮನೆಯೊಂದು ಹೆಚ್ಚು ಸುಖ ಕೊಡಬಹುದು. ಆದರೆ ಆ ಮನೆಯನ್ನು ಹುಡುಕಿ, ಕೆಲವು ವಾರ ನಾಯಿಯನ್ನು ಅಲ್ಲಿ ರೂಢಿ ಮಾಡಿಸಿ, ಖರ್ಚಿಗೆ ವ್ಯವಸ್ಥೆ ಮಾಡಿ ಹೋಗಬೇಕು. ಬೀದಿಗೆ ಬಿಟ್ಟು ಹೋಗುವುದು ಅಪರಾಧ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಂ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತ್ಯಜಿಸುವುದನ್ನು ಕ್ರೌರ್ಯ ಎನ್ನುತ್ತದೆ. ಮೊದಲ ಸಲದ ದಂಡ 50 ರೂಪಾಯಿ ಮೀರದು ಎನ್ನುವುದು ಕಾಯ್ದೆಯ ದೌರ್ಬಲ್ಯ. ಸೋಫಾ ಮೇಲೆ ಬೆಳೆದ ನಾಯಿಗೆ ಬೀದಿಯಲ್ಲಿ ಬದುಕುವುದು ಗೊತ್ತಿರುವುದಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ವಿಷಯ.

ಮರಳಿ ಬರುವಾಗಲೂ ನಿಯಮ ಇದೆ

ಎರಡು ಮೂರು ವರ್ಷದ ಪ್ರಾಜೆಕ್ಟ್ ಮುಗಿಸಿ ಬರುವವರು ಹೋಗುವಾಗಲೇ ಇದನ್ನು ತಿಳಿದಿರಬೇಕು. ಭಾರತಕ್ಕೆ ನಾಯಿ ತರಲು ಎಕ್ಯೂಸಿಎಸ್‌ನಿಂದ ಮುಂಚಿತವಾಗಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ವಾಸ ಬದಲಿಸಿ ಊರಿಗೆ ಮರಳುವವರಿಗೆ ಬ್ಯಾಗೇಜ್ ನಿಯಮದಡಿ ಸಾಕುಪ್ರಾಣಿ ತರಲು ಅವಕಾಶವಿದೆ. ಹೋಗುವಾಗ ಕೊಟ್ಟ ರಫ್ತು ಪ್ರಮಾಣಪತ್ರ, ಚಿಪ್ ದಾಖಲೆ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಂಡರೆ ಆಗ ಕೆಲಸಕ್ಕೆ ಬರುತ್ತದೆ.

2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ನಾಯಿ, ಬೆಕ್ಕು ಬಿಟ್ಟು ಬರಲು ಒಪ್ಪದ ಭಾರತೀಯ ವಿದ್ಯಾರ್ಥಿಗಳ ಸುದ್ದಿ ದೇಶದ ಗಮನ ಸೆಳೆದಿತ್ತು. ಆಗ ಕೇಂದ್ರ ಸರ್ಕಾರ ಸಾಕುಪ್ರಾಣಿಗಳ ಪ್ರವೇಶಕ್ಕೆ ವಿಶೇಷ ಸಡಿಲಿಕೆ ನೀಡಿತು. ಐರೋಪ್ಯ ಒಕ್ಕೂಟವೂ ನಿರಾಶ್ರಿತರ ಜೊತೆ ಬಂದ ಪ್ರಾಣಿಗಳಿಗೆ ನಿಯಮ ಸಡಿಲಿಸಿತು. ಆದರೆ ಅದು ಯುದ್ಧಕಾಲದ ವಿನಾಯಿತಿ. ಕೆಲಸಕ್ಕೆಂದು ಊರು ಬದಲಿಸುವ ಕುಟುಂಬಕ್ಕೆ ಅಂಥ ರಿಯಾಯಿತಿ ಸಿಗುವುದಿಲ್ಲ.

ಒಂದೇ ನೋಟದಲ್ಲಿ

- 6 ತಿಂಗಳು ಮೊದಲು: ಹೋಗುವ ದೇಶದ ನಿಯಮ ನೋಡುವುದು, ಚಿಪ್, ನಂತರ ರೇಬಿಸ್ ಲಸಿಕೆ
- 5 ತಿಂಗಳು ಮೊದಲು: ಒಪ್ಪಿತ ಪ್ರಯೋಗಾಲಯದಲ್ಲಿ ಟೈಟರ್
- 3 ತಿಂಗಳು ಮೊದಲು: ಕ್ರೇಟ್ ತಂದು ಅಭ್ಯಾಸ, ವಿಮಾನ ಸಂಸ್ಥೆಯೊಂದಿಗೆ ಮಾತು
- 1 ತಿಂಗಳು ಮೊದಲು: ನಾಯಿಯ ಬುಕಿಂಗ್ ಖಚಿತ, ಆಮದು ಪರವಾನಗಿ, ನಿಯಮ ಮತ್ತೊಮ್ಮೆ ಪರಿಶೀಲನೆ
- 10 ದಿನದೊಳಗೆ: ಪಶುವೈದ್ಯರ ಪ್ರಮಾಣಪತ್ರ, ಎಕ್ಯೂಸಿಎಸ್ ತಪಾಸಣೆ
- 1ರಿಂದ 5 ದಿನ ಮೊದಲು: ಬ್ರಿಟನ್‌ಗೆ ಹೋಗುವುದಾದರೆ ಲಾಡಿಹುಳುವಿನ ಔಷಧ

ಈ ಪಟ್ಟಿಯಲ್ಲಿ ದುಡ್ಡು ಕೊಟ್ಟು ಬೇಗ ಮಾಡಿಸಿಕೊಳ್ಳಲಾಗದ್ದು ಒಂದೇ ಇದೆ, ಅದು ಕಾಯುವ ಅವಧಿ. ವಿದೇಶದ ಕೆಲಸಕ್ಕೆ ಅರ್ಜಿ ಹಾಕಿದ ವಾರವೇ ನಾಯಿಯನ್ನು ಪಶುವೈದ್ಯರ ಬಳಿ ಕರೆದೊಯ್ದು ಚಿಪ್ ಹಾಕಿಸಿದರೆ, ಆಫರ್ ಲೆಟರ್ ಬರುವ ಹೊತ್ತಿಗೆ ಆ ಅವಧಿಯ ಬಹುಪಾಲು ಕಳೆದಿರುತ್ತದೆ. ಕೆಲಸ ಸಿಗದಿದ್ದರೂ ನಷ್ಟವಿಲ್ಲ. ಕಳೆದುಹೋದ ನಾಯಿಯನ್ನು ಗುರುತಿಸಲು ಆ ಚಿಪ್ ಊರಿನಲ್ಲೂ ಉಪಯೋಗಕ್ಕೆ ಬರುತ್ತದೆ.